ಕೀ ಬಿಡದ ಜೀಪಿನವನು

“ಬುದ್ಧಿ, ಹೇಳಿಕೊಡುವುದಕ್ಕೂ ಒಂದು ಕೊನೆ ಬೇಡವೇ?” ಎಂದು ಗುರುಮಲ್ಲಪ್ಪ ಕೇಳಿದ.

ಅವನು ಮಠದ ದಾಸೋಹದ ಅಡುಗೆಮನೆಯನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ಹೊಸದಾಗಿ ಬಂದ ಅಡುಗೆಯವರನ್ನು ಪಳಗಿಸುವ ಕೆಲಸ ಅವನದು. ಆ ದಿನ ಅವರ ಮೇಲೆ ರೇಗಿ, ಸೌಟನ್ನು ಅಲ್ಲೇ ಬಿಸಾಕಿ ಸ್ವಾಮಿಗಳ ಬಳಿಗೆ ಬಂದಿದ್ದ.

“ಬೇಳೆ ಬೆಂದಿದೆಯೋ ಇಲ್ಲವೋ ಎನ್ನುವುದಕ್ಕೂ ನನ್ನ ಮುಖ ನೋಡುತ್ತಾರೆ. ಉಪ್ಪಿಗೆ ಕೈ ಹಾಕುವ ಮೊದಲು ನನ್ನನ್ನು ಕೂಗುತ್ತಾರೆ. ಬೆಳಗಿನಿಂದ ಅವರ ಬೆನ್ನ ಹಿಂದೆಯೇ ನಿಂತಿರುತ್ತೇನೆ. ಆದರೂ ಒಬ್ಬನ ತಲೆಗೂ ಹೋಗುತ್ತಿಲ್ಲ. ಸಾಕುಸಾಕಾಗಿದೆ.”

ಸ್ವಾಮಿಗಳು ಅವನನ್ನು ಕೂರಿಸಿ ಒಂದು ಕತೆ ಹೇಳಿದರು.

ಬೆಟ್ಟದ ಮೇಲಿನ ಒಂದು ಊರಿನಲ್ಲಿ ಒಬ್ಬ ಜೀಪಿನವನಿದ್ದ. ಊರಿಗೆಲ್ಲ ಇದ್ದದ್ದು ಅದೊಂದೇ ಜೀಪು. ಒಮ್ಮೆ ಸಂತೆಯ ದಾರಿಯಲ್ಲಿ ಅದರ ಎಂಜಿನ್ ಹತ್ತಿದ ಹಾಗೆ ಮಾಡಿ ನಿಂತುಬಿಟ್ಟಿತ್ತು. ಅಂದಿನಿಂದ ಅವನಿಗೆ ಎಂಜಿನ್ನಿನ ಮೇಲೆ ನಂಬಿಕೆ ಹೋಯಿತು.

ಕೀ ತಿರುಗಿಸಿದರೆ ಬ್ಯಾಟರಿಯ ಕರೆಂಟು ಸೆಲ್ಫ್ ಮೋಟರಿಗೆ ಹೋಗುತ್ತದೆ. ಮೋಟರಿನ ಸಣ್ಣ ಹಲ್ಲುಚಕ್ರ ಮುಂದೆ ಬಂದು ಎಂಜಿನ್ನಿನ ದೊಡ್ಡ ಚಕ್ರವನ್ನು ಕಚ್ಚಿ ತಿರುಗಿಸುತ್ತದೆ. ಎಂಜಿನ್ ಹತ್ತಿತೋ, ಕೀ ಬಿಡಬೇಕು. ಆಗ ಸಣ್ಣ ಚಕ್ರ ಹಿಂದಕ್ಕೆ ಸರಿಯುತ್ತದೆ. ಅಲ್ಲಿಂದಾಚೆಗೆ ಎಂಜಿನ್ ತನ್ನ ಪಾಡಿಗೆ ತಾನು ಓಡುತ್ತದೆ. ಜೀಪಿನವನು ಮಾತ್ರ ಬಿಡುತ್ತಿರಲಿಲ್ಲ. ಎಂಜಿನ್ ಹತ್ತಿದ ಮೇಲೂ ಕೀಯನ್ನು ತಿರುಗಿಸಿ ಹಿಡಿದೇ ಇರುತ್ತಿದ್ದ. ಬಾನೆಟ್ಟಿನ ಒಳಗಿಂದ ಕಿರ್ರೆಂದು ಕಿವಿ ಕೊರೆಯುವ ಸದ್ದು ಬರುತ್ತಿತ್ತು.

“ಹತ್ತಿತಲ್ಲ, ಬಿಡಿ ಅಂದ್ರೆ!” ಎಂದು ಹೆಂಡತಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

“ಬಿಟ್ಟ ಮೇಲೆ ನಿಂತುಹೋದರೆ ನೀನು ಬಂದು ಓಡಿಸ್ತೀಯಾ?” ಎಂದು ಅವನು ಗದರುತ್ತಿದ್ದ.

ಒಂದು ಬೆಳಿಗ್ಗೆ ನೆರೆಮನೆಯ ಮಗಳಿಗೆ ಹೆರಿಗೆ ನೋವು ಕಾಣಿಸಿತು. ಅವಳನ್ನು ಜೀಪಿನಲ್ಲಿ ಮಲಗಿಸಿದರು. ಜೀಪಿನವನ ಹೆಂಡತಿ ಪಕ್ಕದಲ್ಲಿ ಕೂತಳು. ಅವನು ಕೀ ತಿರುಗಿಸಿದ. ಟಕ್ ಎಂದಿತು, ಅಷ್ಟೇ. ಮತ್ತೆ ತಿರುಗಿಸಿದ. ಮತ್ತೆ ಅದೇ ಟಕ್. ಬ್ಯಾಟರಿ ಹೊಸದು. ಎಂಜಿನ್ನಿಗೆ ಹಿಂದಿನ ವಾರವಷ್ಟೇ ಎಣ್ಣೆ ಬದಲಾಯಿಸಿದ್ದ. ಇನ್ನೇನು ಬೇಕು ಈ ದರಿದ್ರದ ಗಾಡಿಗೆ ಎಂದು ಕೆಳಗಿಳಿದು ಚಕ್ರಕ್ಕೆ ಒದ್ದ. ಒಳಗೆ ಹುಡುಗಿ ನರಳುತ್ತಿದ್ದಳು. ಅವಳ ತಾಯಿ ಇವನ ಕೈ ಹಿಡಿದುಕೊಂಡಳು. ಇವನಿಗೆ ತಲೆ ಎತ್ತಿ ನೋಡಲಾಗಲಿಲ್ಲ.

ಕೊನೆಗೆ ಊರವರೆಲ್ಲ ಸೇರಿ ಜೀಪನ್ನು ಇಳಿಜಾರಿಗೆ ತಳ್ಳಿದರು. ಅವನು ಗೇರಿಗೆ ಹಾಕಿ ಕ್ಲಚ್ ಬಿಟ್ಟ. ಎಂಜಿನ್ ಗುಡುಗಿತು. ಆಸ್ಪತ್ರೆಯ ಬಾಗಿಲು ಮುಟ್ಟುವವರೆಗೆ ಅವನು ಅದನ್ನು ನಿಲ್ಲಿಸಲಿಲ್ಲ. ಹುಡುಗಿ ಉಳಿದಳು, ಮಗುವೂ ಉಳಿಯಿತು.

ಆಮೇಲೆ ಗ್ಯಾರೇಜಿನಲ್ಲಿ ಸೆಲ್ಫ್ ಮೋಟರನ್ನು ಬಿಚ್ಚಿ ಅವನ ಮುಂದಿಟ್ಟರು. ಒಳಗಿನ ತಂತಿ ಸುಟ್ಟು ಕರಕಲಾಗಿತ್ತು. ಸಣ್ಣ ಚಕ್ರದ ಹಲ್ಲು ಸವೆದು ಹೋಗಿತ್ತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಅದು ಯಾವತ್ತೂ ಚೆನ್ನಾಗಿಯೇ ಇತ್ತು.

ಸ್ವಾಮಿಗಳು ಕತೆ ನಿಲ್ಲಿಸಿದರು.

ಗುರುಮಲ್ಲಪ್ಪನಿಗೆ ಇನ್ನಷ್ಟು ರೇಗಿತು. ಇಷ್ಟು ಹೊತ್ತು ಕೂತು ಕೇಳಿದ್ದು ಇದಕ್ಕೇನಾ ಎನ್ನಿಸಿತು. “ಅವನು ಕೀ ಬಿಡಬೇಕಿತ್ತು, ಒಪ್ಪಿದೆ. ಅವನ ಎಂಜಿನ್ ಹತ್ತಿತ್ತು, ಬುದ್ಧಿ. ನನ್ನವರು ಇನ್ನೂ ಹತ್ತಿಯೇ ಇಲ್ಲವಲ್ಲ! ನಾನು ಈ ಕಡೆ ತಿರುಗಿದರೆ ಆ ಕಡೆ ಒಲೆಯೇ ಆರಿಹೋಗುತ್ತದೆ. ಇವತ್ತು ಭಕ್ತರು ಉಪವಾಸ ಬಿದ್ದರೆ ಯಾರು ಹೊಣೆ?”

ಸ್ವಾಮಿಗಳು ಅವನನ್ನೇ ನೋಡುತ್ತಾ ಹೇಳಿದರು: “ನೀನು ಇಲ್ಲಿ ಕೂತಿರುವಾಗಲೇ ಅವರು ಅಡುಗೆ ಮುಗಿಸಿ ಊಟದ ಗಂಟೆ ಬಾರಿಸಿದರಲ್ಲ, ನಿನಗೆ ಕೇಳಿಸಲಿಲ್ಲವೇ?”