ಮಾತಿಗಿಂತ ಮೊದಲೇ ಬಂದ ನಗು

ರೇವಣಸಿದ್ದಯ್ಯ ಒಂದು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಕಲಿಸುತ್ತಿದ್ದರು. ಶಿಲೆಗಳ ಕಾಲನಿರ್ಣಯದ ಪಾಠ ಬಂದಾಗಲೆಲ್ಲ ಹೆಂಡತಿಯ ಬಗ್ಗೆ ಒಂದು ಮಾತು ಹೇಳುವುದು ಅವರ ರೂಢಿ: “ಬಂಡೆಯ ವಯಸ್ಸು ಪತ್ತೆ ಮಾಡಬಹುದು, ನಮ್ಮ ಮನಿಯಾಕಿದು ಆಗೂದಿಲ್ಲ.” ತರಗತಿ ನಗುತ್ತಿತ್ತು. ಪಾಠ ಚೆನ್ನಾಗಿ ಹೋಯಿತು ಎಂದು ಅವರು ಹಿಗ್ಗುತ್ತಿದ್ದರು.

ಬಡ್ತಿಗೆ ಬೇಕಾದ ತರಬೇತಿಗಳನ್ನೆಲ್ಲ ಅವರು ಮುಗಿಸಿದ್ದರು. ಹಿಂದಿನ ಸಾಲಿನಲ್ಲಿ ತೂಕಡಿಸಿ, ಊಟ ಹೊಗಳಿ, ಪ್ರಮಾಣಪತ್ರ ತಂದಿದ್ದರು. ಈಗ ಪ್ರಾಧ್ಯಾಪಕರಾಗಿದ್ದರು. ಏರಲು ಮೆಟ್ಟಿಲು ಉಳಿದಿರಲಿಲ್ಲ. ಕಲಿಯಲು ಕಾರಣವೂ ಉಳಿದಿರಲಿಲ್ಲ.

ಒಂದು ವರ್ಷ ಅವರು “ಬಂಡೆಯ ವಯಸ್ಸು...” ಎನ್ನುವಷ್ಟರಲ್ಲೇ ಇಡೀ ತರಗತಿ ನಕ್ಕುಬಿಟ್ಟಿತು.

“ಇನ್ನೂ ಹೇಳೇ ಇಲ್ಲಲ್ಲ?” ಎಂದರು ರೇವಣಸಿದ್ದಯ್ಯ.

ಶಕೀಲಾ ಎಂಬ ಹುಡುಗಿ ಎದ್ದು ನಿಂತಳು. “ಸೀನಿಯರ್ಸ್ ಹೇಳ್ಯಾರ್ರೀ ಸರ್. ಮೇಡಂ ವಯಸ್ಸಿನ ಮಾತು ಬಂದಾಗ ನಗಬೇಕು, ಇಲ್ಲಾಂದ್ರ ಸರ್ ಬೇಜಾರು ಮಾಡ್ಕೋತಾರ ಅಂತ.”

ಅವಳ ದನಿಯಲ್ಲಿ ಗೇಲಿ ಇರಲಿಲ್ಲ. ಇದ್ದಿದ್ದರೆ ಗದರಿಸಿ ಸುಮ್ಮನಾಗಬಹುದಿತ್ತು. ವರ್ಷ ವರ್ಷವೂ ಹೊಸ ಮಕ್ಕಳು ಬಂದು, ಮೇಷ್ಟ್ರ ಮನಸ್ಸು ನೋಯದಿರಲಿ ಎಂದು ನಕ್ಕು ಹೋಗಿದ್ದರು. ಆ ಮಕ್ಕಳಿಗೆ ತಾವು ಕೊಟ್ಟದ್ದೇನು ಎಂದು ರೇವಣಸಿದ್ದಯ್ಯ ಯೋಚಿಸಿದರು.

ಮನೆಯಲ್ಲಿ ಹೆಂಡತಿ ನೀಲಾಂಬಿಕೆಗೆ ನಡೆದದ್ದನ್ನು ಹೇಳಿದರು. ಆಕೆ ಬದನೆಕಾಯಿ ಹೆಚ್ಚುತ್ತಲೇ, “ನಂದಿರಲಿ ಬಿಡ್ರಿ. ಕಲ್ಲಿನ ವಯಸ್ಸಾದ್ರೂ ಖರೇ ಹೇಳ್ತೀರೇನು?” ಅಂದಳು.

ರೇವಣಸಿದ್ದಯ್ಯ ಪಾಠದ ಹಳೆಯ ಟಿಪ್ಪಣಿ ತೆಗೆದು ನೋಡಿದರು. ತಾವು ಓದುವಾಗ ಬಳಕೆಯಲ್ಲಿದ್ದ ವಿಧಾನವನ್ನೇ ಇನ್ನೂ ಕಲಿಸುತ್ತಿದ್ದರು. ಹೊಸ ಯಂತ್ರಗಳ ಹೆಸರು ಕೇಳಿದ್ದರು, ಮುಟ್ಟಿರಲಿಲ್ಲ.

ಬೇಸಿಗೆ ರಜೆಯಲ್ಲಿ ದೂರದ ಪ್ರಯೋಗಾಲಯವೊಂದಕ್ಕೆ ತರಬೇತಿಗೆ ಹೊರಟರು. ಸಹೋದ್ಯೋಗಿ ಇನಾಮದಾರ್ ಕೆಣಕಿದರು: “ಏನ್ರೀ, ಇನ್ನ ನಿಮ್ಮನ್ನ ಕುಲಪತಿ ಮಾಡ್ತಾರೇನು?”

“ಇಲ್ರೀ. ಹುಡುಗರಿಗೆ ಸುಳ್ಳು ನಗೋ ತ್ರಾಸು ತಪ್ಪತೈತಿ.”

ಅಲ್ಲಿ ತಮ್ಮ ಮಗಳ ವಯಸ್ಸಿನವಳೊಬ್ಬಳಿಂದ ಯಂತ್ರ ನಡೆಸುವುದನ್ನು ಕಲಿತರು. ತಪ್ಪು ಮಾಡಿದಾಗ ಬೈಸಿಕೊಂಡರು. ಮತ್ತೆ ಕೇಳಿದರು.

ಮುಂದಿನ ವರ್ಷದ ತರಗತಿಯಲ್ಲಿ ಅದೇ ಪಾಠವನ್ನು ಹೊಸದಾಗಿ ಮಾಡಿದರು. ಎರಡು ಕಡೆ ತಡವರಿಸಿದರು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಕೊನೆಗೆ ಒಬ್ಬ ಹುಡುಗ ಕೇಳಿದ: “ಸರ್, ನಮ್ಮೂರ ಗುಡ್ಡದ ಕಲ್ಲು ತಂದ್ರ ಅದರ ವಯಸ್ಸೂ ತಿಳೀತೈತೇನ್ರೀ?”

ರೇವಣಸಿದ್ದಯ್ಯ ಚಾಕ್‌ಪೀಸು ಕೆಳಗಿಟ್ಟರು. “ಗೊತ್ತಿಲ್ಲಪ್ಪ. ತಗೊಂಡು ಬಾ, ಕೂಡಿ ನೋಡೋಣು.”

ನೀತಿ: ಬಡ್ತಿಗಾಗಿ ಕಲಿತದ್ದು ಬಡ್ತಿ ಸಿಕ್ಕ ದಿನ ಮುಗಿಯುತ್ತದೆ. ಎದುರಿಗೆ ಕೂತ ಮಕ್ಕಳಿಗಾಗಿ ಕಲಿಯುವ ಗುರುವಿಗೆ ಕಲಿಕೆ ಮುಗಿಯುವುದೇ ಇಲ್ಲ.