ಗ್ರಹಣದ ಲೆಕ್ಕ ತಿದ್ದಿದ ಮಗಳು

"ಗುರುಗಳೇ, ಹಿರಿಯರು ಬರೆದಿಟ್ಟ ಗ್ರಂಥವನ್ನು ಕಿರಿಯರು ತಿದ್ದಬಹುದೇ?" ಎಂದು ಶಿಷ್ಯ ಬೊಮ್ಮರಸ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಣಿತಜ್ಞನಿದ್ದ. ಗ್ರಹಣ ಹಿಡಿಯುವ ಹೊತ್ತನ್ನು ಲೆಕ್ಕ ಹಾಕುವ ಹಳೆಯ ಕ್ರಮ ತಪ್ಪೆಂದು ತೋರಿಸಿ ಹೊಸ ಗ್ರಂಥ ಬರೆದ. ಹಿರಿಯರನ್ನು ಹಳಿದನೆಂದು ಪಂಡಿತರು ಅವನನ್ನು ಊರಿನಿಂದ ಹೊರಹಾಕಿದರು. ನಾಲ್ಕಾರು ಶಿಷ್ಯರು ಮಾತ್ರ ಅವನ ಹಿಂದೆ ನಡೆದರು. ಅವನು ತೀರಿಕೊಂಡ ಮೇಲೆ ಅವನ ಲೆಕ್ಕವೇ ಸರಿಯೆಂದು ಎಲ್ಲರೂ ಒಪ್ಪಿದರು. ಶಿಷ್ಯರು ಮಠ ಕಟ್ಟಿ, ಗ್ರಂಥವನ್ನು ಪೀಠದ ಮೇಲಿಟ್ಟು ಪೂಜಿಸತೊಡಗಿದರು.

ಗಣಿತಜ್ಞನಿಗೆ ಒಬ್ಬಳು ಮಗಳು. ಅಪ್ಪನ ಎದುರಿಗೆ ಕೂತು ಲೆಕ್ಕ ಕಲಿತವಳು. ವರ್ಷಗಳು ಕಳೆದವು. ಒಂದು ಸೂರ್ಯಗ್ರಹಣದ ದಿನ, ಗ್ರಂಥ ಹೇಳಿದ ಹೊತ್ತಿಗೆ ಜನ ಹೊಳೆಗಿಳಿದು ನಿಂತರು. ಸೂರ್ಯ ನಿಚ್ಚಳವಾಗಿ ಉರಿಯುತ್ತಲೇ ಇದ್ದ. ಗ್ರಹಣ ಹಿಡಿದದ್ದು ಅವರೆಲ್ಲ ಚಳಿಗೆ ನಡುಗತೊಡಗಿದ ಮೇಲೆ.

ಮಗಳು ಮನೆಗೆ ಬಂದು ಅಪ್ಪನ ಲೆಕ್ಕವನ್ನು ಮೊದಲಿಂದ ಮಾಡಿದಳು. ಸಣ್ಣದೆಂದು ಅಪ್ಪ ಕೈಬಿಟ್ಟಿದ್ದ ಶೇಷವೊಂದು ವರ್ಷದಿಂದ ವರ್ಷಕ್ಕೆ ಕೂಡಿಕೊಂಡು ಬೆಳೆದಿತ್ತು. ಅವಳಿಗೆ ಕಣ್ಣು ತುಂಬಿ ಬಂತು. ಆದರೂ ತಿದ್ದುಪಡಿಯನ್ನು ಬರೆದು ಮಠಕ್ಕೆ ಒಯ್ದಳು.

ಮಠದ ಹಿರಿಯ ಶಿಷ್ಯ ಅದನ್ನು ಓದಿ ಕೆಂಡವಾದ. "ಹೆತ್ತ ತಂದೆಯ ಹೆಸರಿಗೆ ಮಸಿ ಬಳಿಯುತ್ತೀಯೇನಮ್ಮ?"

"ಅಪ್ಪನನ್ನು ಹೊರಹಾಕಿದವರೂ ಇಂಥ ಮಾತನ್ನೇ ಆಡಿದ್ದರಣ್ಣ. ಅಂದು ನೀವು ಅಪ್ಪನ ಪಕ್ಕ ನಿಂತಿದ್ದಿರಿ. ಇಂದು ಅವರ ಪಕ್ಕಕ್ಕೆ ಹೋಗಿ ನಿಂತಿದ್ದೀರಿ. ನಾನು ಇದ್ದಲ್ಲೇ ಇದ್ದೇನೆ."

ಮಠದ ಬಾಗಿಲು ಅವಳಿಗೆ ಮುಚ್ಚಿತು. ಅವಳು ಮತ್ತೆ ಅದನ್ನು ತಟ್ಟಲಿಲ್ಲ. ತಿದ್ದಿದ ಗ್ರಂಥವನ್ನು ತಾನೇ ಓಲೆಗಳ ಮೇಲೆ ಪ್ರತಿ ಮಾಡಿ, ಕೇಳಿಕೊಂಡು ಬಂದ ಪಂಚಾಂಗದವರಿಗೆಲ್ಲ ಕೊಟ್ಟಳು. ಕರ್ತೃವೆಂದು ಅಪ್ಪನ ಹೆಸರನ್ನೇ ಬರೆದಳು. ಅಪ್ಪ ಎಲ್ಲಿ ತಪ್ಪಿದನೆಂಬುದನ್ನೂ ಮುಚ್ಚಿಡದೆ ಬರೆದಳು. ಬಂಧುಗಳು ಮನೆಗೆ ಬರುವುದನ್ನು ಬಿಟ್ಟರು. ಅವಳು ಬರೆಯುವುದನ್ನು ಬಿಡಲಿಲ್ಲ.

ಮುಂದಿನ ಗ್ರಹಣ ಅವಳು ಹೇಳಿದ ಹೊತ್ತಿಗೇ ಹಿಡಿಯಿತು. ಹಿರಿಯ ಶಿಷ್ಯ ತಪ್ಪೊಪ್ಪಿಕೊಳ್ಳಲಿಲ್ಲ, ಅವಳು ಅದಕ್ಕಾಗಿ ಕಾಯಲೂ ಇಲ್ಲ. ಇಂದು ನಾಡಿನ ತುಂಬ ಆ ಗಣಿತಜ್ಞನ ಗ್ರಂಥವೆಂದು ಓದುವುದು ಮಗಳು ತಿದ್ದಿದ ಪ್ರತಿಯನ್ನು. ಮಠದ ಪ್ರತಿಗೆ ದಿನವೂ ಪೂಜೆ ನಡೆಯುತ್ತದೆ. ಅದನ್ನು ಯಾರೂ ಓದುವುದಿಲ್ಲ.

ಗುರುಗಳು ಕತೆ ನಿಲ್ಲಿಸಿ ಬೊಮ್ಮರಸನ ಮುಖ ನೋಡಿದರು.

"ಹೆದರಬೇಡ, ಹೇಳು, ನನ್ನ ಗ್ರಂಥದ ಎಷ್ಟನೆಯ ಓಲೆಯಲ್ಲಿ ನಿನಗೆ ತಪ್ಪು ಸಿಕ್ಕಿತು?"