ಬಾಗಿಲಿದ್ದ ಮಂಚ

ಮಲ್ಪೆಯಲ್ಲಿ ನಿಂತಿದ್ದ ಒಂದು ಹಾಯಿದೋಣಿಯ ಒಳಮನೆಯ ಸುದ್ದಿ ಇದು. ಅದರ ಮೂತಿಯ ಕಡೆ ಕೋಣೆಯಲ್ಲೊಂದು ಅಗಲ ಮಂಚ. ಅದಕ್ಕೆ ಬಾಗಿಲೊಂದಿತ್ತು ನೋಡಿ, ಅದರದ್ದೇ ಜಂಬ. ನಡುವೆ ಊಟದ ಮೇಜಿನ ಪಕ್ಕ ಇಕ್ಕಟ್ಟು ಬೆಂಚು. ಮಲಗಿದವರು ಉರುಳದ ಹಾಗೆ ಅಂಚಿಗೆ ಕಟ್ಟುವ ಬಟ್ಟೆಯೊಂದೇ ಅದರ ಆಸ್ತಿ.

"ಕಂಡಕಂಡವರು ನಿನ್ನ ಮೇಲೆ ಕೂತು ಮೀನು ತಿಂದು ಕೈ ಒರೆಸುತ್ತಾರೆ. ನೀನೂ ಒಂದು ಹಾಸಿಗೆಯೇನೇ?" ಎಂದಿತು ಮಂಚ. "ಗೋವಾ ಮುಟ್ಟಿದ ಕೂಡಲೇ ಧಣಿ ನಿನ್ನನ್ನು ಕೀಳಿಸಿ ಫ್ರಿಜ್ ಇಡಿಸುತ್ತಾರಂತೆ."

"ಕೀಳುವವರೆಗೆ ಕೆಲಸ ಮಾಡುತ್ತೇನೆ ಅಕ್ಕಾ," ಎಂದಿತು ಬೆಂಚು.

ದೋಣಿ ಹೊರಟಿತು. ಅಲೆಗೆ ಮೂತಿ ಎದ್ದೆದ್ದು ಬಿತ್ತು. ಮಂಚದ ಮೇಲಿದ್ದ ಧಣಿಯ ತಲೆ ಚಾವಣಿಗೆ ಬಡಿಯಿತು. ಅವನೆದ್ದು ಚುಕ್ಕಾಣಿಗೆ ಹೋದ. ಅಲ್ಲಿದ್ದ ಅವನ ಹೆಂಡತಿ ದಿಂಬು ಹಿಡಿದು ಓಡಿಬಂದು, ಬೆಂಚಿನ ಬಟ್ಟೆ ಬಿಗಿದುಕೊಂಡು ಗೊರಕೆ ಹೊಡೆದಳು. ಸರದಿ ಬಂದಾಗ ಅವಳೆದ್ದು ಚುಕ್ಕಾಣಿ ಹಿಡಿಯಲು ಹೋದಳು. ಮೈಬಿಸಿ ಆರುವ ಮೊದಲೇ ಅಲ್ಲಿ ಗಂಡ ಮಲಗಿದ.

"ಒಂದು ಹೊತ್ತು ಹೆಂಡತಿ, ಒಂದು ಹೊತ್ತು ಗಂಡ! ಮಾನ ಇದೆಯೇನೇ ನಿನಗೆ?" ಮಂಚ ಬಾಗಿಲ ಸಂದಿಯಿಂದ ಕೂಗಿತು.

"ಮೆಲ್ಲಗೆ ಅಕ್ಕಾ, ಧಣಿಗೆ ನಿದ್ದೆ ಹತ್ತಿದೆ," ಎಂದಿತು ಬೆಂಚು.

ಗೋವಾದಲ್ಲಿ ಆಚಾರಿ ಗರಗಸ ತಂದ. ಧಣಿ ಬೆಂಚಿಗೆ ಅಡ್ಡ ನಿಂತ. "ಇದನ್ನು ಮುಟ್ಟಬೇಡಿ ಆಚಾರ್ರೇ. ಆ ಮಂಚವನ್ನೇ ಅರ್ಧ ಕೊಯ್ದು ಫ್ರಿಜ್ ಇಡಿ."

ಉಳಿದರ್ಧದ ಮೇಲೆ ಈಗ ಒದ್ದೆ ಹಾಯಿಯೂ ಈರುಳ್ಳಿ ಚೀಲವೂ ಮಲಗುತ್ತವೆ. ಬಾಗಿಲು ಮಾತ್ರ ಹಾಗೇ ಇದೆ. ಅದು ಸ್ವಲ್ಪ ತೆರೆದರೂ ಮಂಚಕ್ಕೆ ಜೀವ ಹೋದಂತಾಗುತ್ತದೆ. ಯಾರ ಜೊತೆ ಮಲಗಿದ್ದೇನೆಂದು ಬೆಂಚು ನೋಡಿಬಿಟ್ಟರೆ!